ಗೂಗಲ್ ಸರ್ಚ್ ಜಾಹೀರಾತಿಗೆ ಕೀವರ್ಡ್ ಆರಿಸುವುದು ಹೇಗೆ: ಹೊಸಬರಿಗೆ ಸಮಗ್ರ ಮಾರ್ಗದರ್ಶಿ

ಹೊಲಿಗೆ ಯಂತ್ರ ಮಾರುವ ಆನ್‌ಲೈನ್ ಅಂಗಡಿಯೊಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಮಾಲೀಕರು ಗೂಗಲ್ ಆ್ಯಡ್ಸ್ ಅಕೌಂಟ್ ತೆರೆದು, ಕೀವರ್ಡ್ ಬರೆಯುವ ಜಾಗದಲ್ಲಿ ‘ಹೊಲಿಗೆ ಯಂತ್ರ’ ಎಂದು ಹಾಕಿ, ಬೇರೇನನ್ನೂ ಮುಟ್ಟದೆ ಜಾಹೀರಾತು ಚಾಲೂ ಮಾಡಿದ್ದಾರೆ. ವಾರ ಕಳೆದ ಮೇಲೆ ದುಡ್ಡು ಎಲ್ಲಿ ಹೋಯಿತೆಂದು ನೋಡಿದರೆ ಸಿಗುವ ಪಟ್ಟಿ ಹೀಗಿರುತ್ತದೆ: ‘ಹೊಲಿಗೆ ಯಂತ್ರ ಕಂಡುಹಿಡಿದವರು ಯಾರು’, ‘ಹೊಲಿಗೆ ಯಂತ್ರದ ಚಿತ್ರ’, ‘ಹೊಲಿಗೆ ಯಂತ್ರಕ್ಕೆ ಎಣ್ಣೆ ಹಾಕುವುದು ಹೇಗೆ’, ‘ಹಳೆ ಹೊಲಿಗೆ ಯಂತ್ರ ಮಾರುವುದಿದೆ’, ‘ಟೈಲರಿಂಗ್ ಕ್ಲಾಸ್’. ನಡುವೆ ಎಲ್ಲೋ ಒಂದು ‘ಮನೆ ಬಳಕೆಗೆ ಹೊಲಿಗೆ ಯಂತ್ರ ಬೆಲೆ’. ಕೊಳ್ಳಲು ಬಂದವರು ಅವರೊಬ್ಬರೇ. ದುಡ್ಡು ಮಾತ್ರ ಎಲ್ಲರ ಕ್ಲಿಕ್ಕಿಗೂ ಕಟ್ಟಾಗಿದೆ.

ಕೀವರ್ಡ್ ಅಂದರೆ ನೀವು ಅಕೌಂಟಿನಲ್ಲಿ ಬರೆದಿಡುವ ಪದ. ಸರ್ಚ್ ಟರ್ಮ್ ಅಂದರೆ ಜನ ನಿಜವಾಗಿ ಟೈಪ್ ಮಾಡಿದ್ದು. ಮೊದಲನೆಯದು ಬಲೆ, ಎರಡನೆಯದು ಬಲೆಗೆ ಬಿದ್ದದ್ದು. ಹೊಸಬರು ಇವೆರಡನ್ನೂ ಒಂದೇ ಎಂದುಕೊಳ್ಳುತ್ತಾರೆ, ಹಣ ಸೋರುವುದು ಅಲ್ಲಿಂದಲೇ. ಕೀವರ್ಡ್ ಆರಿಸುವ ಕೆಲಸದಲ್ಲಿ ಅರ್ಧ ಭಾಗ ಯಾರಿಗೆ ಜಾಹೀರಾತು ತೋರಿಸಬೇಕು ಎನ್ನುವುದು. ಉಳಿದರ್ಧ, ಯಾರಿಗೆ ತೋರಿಸಬಾರದು ಎನ್ನುವುದು. ಮುಂದಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಹೆಸರುಗಳು ಗೂಗಲ್ ಆ್ಯಡ್ಸ್‌ನವು. ಮೈಕ್ರೋಸಾಫ್ಟ್ ಅಡ್ವರ್ಟೈಸಿಂಗ್‌ನಲ್ಲೂ ಹೆಚ್ಚುಕಡಿಮೆ ಇದೇ ರೀತಿ.

ಹಂತ 1: ಒಂದು ಕ್ಲಿಕ್ಕಿಗೆ ಎಷ್ಟು ಕೊಡಬಲ್ಲಿರಿ?

ಪದ ಹುಡುಕುವ ಮೊದಲೇ ಈ ಲೆಕ್ಕ ಮುಗಿಯಬೇಕು. ಒಂದು ಯಂತ್ರ ಮಾರಿದರೆ ಎಲ್ಲ ಖರ್ಚು ಕಳೆದು ಕೈಯಲ್ಲಿ ಉಳಿಯುವ ಲಾಭ 1,500 ಎಂದುಕೊಳ್ಳಿ. ಯಾವ ದೇಶದ ಹಣವಾದರೂ ಲೆಕ್ಕ ಒಂದೇ. ಪೇಜಿಗೆ ಬಂದ 100 ಜನರಲ್ಲಿ 2 ಮಂದಿ ಕೊಳ್ಳುತ್ತಾರೆ, ಅಂದರೆ ಕನ್ವರ್ಷನ್ ದರ ಶೇ 2. ಹಾಗಾದರೆ ಒಂದು ಮಾರಾಟಕ್ಕೆ 50 ಕ್ಲಿಕ್ ಬೇಕು. 1,500ನ್ನು 50ರಿಂದ ಭಾಗಿಸಿದರೆ 30. ಕ್ಲಿಕ್ಕಿಗೆ 30 ಕೊಟ್ಟರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಏನಾದರೂ ಉಳಿಯಬೇಕೆಂದಿದ್ದರೆ 15ರ ಆಸುಪಾಸಿನಲ್ಲಿರುವ ಕೀವರ್ಡ್‌ಗಳನ್ನು ಹುಡುಕಬೇಕು. ನಿಮ್ಮ ಕನ್ವರ್ಷನ್ ದರ ಇನ್ನೂ ಗೊತ್ತಿಲ್ಲದಿದ್ದರೆ ಸದ್ಯಕ್ಕೆ ಶೇ 1 ಅಥವಾ 2 ಎಂದು ಹಿಡಿದು ಶುರುಮಾಡಿ, ನಿಜವಾದ ಅಂಕಿ ಬಂದ ಮೇಲೆ ತಿದ್ದಿ. ಆಸೆಯಿಂದ ಶೇ 5 ಎಂದು ಬರೆದುಕೊಳ್ಳಬೇಡಿ.

ಈಗ ಇನ್ನೊಂದು ಲೆಕ್ಕ. ಇದನ್ನು ಹೆಚ್ಚಿನವರು ಮಾಡುವುದೇ ಇಲ್ಲ. ದಿನದ ಬಜೆಟ್ 300, ಕ್ಲಿಕ್ಕಿಗೆ 15 ಆದರೆ ದಿನಕ್ಕೆ 20 ಕ್ಲಿಕ್, ತಿಂಗಳಿಗೆ ಸುಮಾರು 600. ಒಂದು ಕೀವರ್ಡ್ ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳಲು ಎಷ್ಟು ಕ್ಲಿಕ್ ಬೇಕು? ನಿಜಕ್ಕೂ ಶೇ 2ರಷ್ಟು ಮಾರಾಟ ತರುವ ಕೀವರ್ಡ್ ಕೂಡ 50 ಕ್ಲಿಕ್ಕಿನಲ್ಲಿ ಒಂದೂ ಮಾರಾಟ ತಾರದೆ ಇರುವ ಸಾಧ್ಯತೆ ಶೇ 36. 100 ಕ್ಲಿಕ್ಕಿಗೆ ಅದು ಶೇ 13ಕ್ಕೆ ಇಳಿಯುತ್ತದೆ, 150ಕ್ಕೆ ಸುಮಾರು ಶೇ 5ಕ್ಕೆ. ಅಂದರೆ ಒಂದು ಕೀವರ್ಡಿಗೆ ಕನಿಷ್ಠ 100 ಕ್ಲಿಕ್ ಆದರೂ ಆಗದೆ ತೀರ್ಪು ಕೊಡುವಂತಿಲ್ಲ. 600 ಕ್ಲಿಕ್ಕಿನ ಬಜೆಟ್ಟಿನಲ್ಲಿ ಪರೀಕ್ಷೆ ಮಾಡಲು ಆಗುವುದು 6 ಕೀವರ್ಡ್ ಮಾತ್ರ. ಅದೇ ಹಣವನ್ನು 80 ಕೀವರ್ಡಿಗೆ ಹಂಚಿದರೆ ಒಂದೊಂದಕ್ಕೆ ಏಳೆಂಟು ಕ್ಲಿಕ್ ಬಂದು, ತಿಂಗಳ ಕೊನೆಗೆ ಏನೂ ಗೊತ್ತಾಗದೆ ದುಡ್ಡಷ್ಟೇ ಖಾಲಿಯಾಗಿರುತ್ತದೆ. ಆರಂಭದ ಪಟ್ಟಿ ಚಿಕ್ಕದಿರಲಿ ಎಂದು ಇಷ್ಟು ಒತ್ತಿ ಹೇಳುವುದು ಇದಕ್ಕೇ.

ಹಂತ 2: ಪದಗಳನ್ನು ಕೂಡಿಹಾಕುವುದು

ಒಂದು ಖಾಲಿ ಸ್ಪ್ರೆಡ್‌ಶೀಟ್ ತೆರೆಯಿರಿ. ಈ ಹಂತದಲ್ಲಿ ಯಾವುದನ್ನೂ ಬಿಸಾಡಬೇಡಿ, 100ರಿಂದ 150 ಸಾಲು ತುಂಬಲಿ. ಪದಗಳು ಸಿಗುವುದು ಇಲ್ಲಿ:

- ಗಿರಾಕಿಗಳು ಫೋನಿನಲ್ಲಿ, ವಾಟ್ಸ್ಆ್ಯಪ್‌ನಲ್ಲಿ ಕೇಳಿದ ಮಾತು, ಅವರ ಬಾಯಲ್ಲಿ ಬಂದಂತೆಯೇ. ಕಂಪನಿ ‘ಝಿಗ್‌ಝ್ಯಾಗ್ ಮಾದರಿ’ ಎನ್ನುತ್ತದೆ, ಗಿರಾಕಿ ‘ಕಾಜಾ ಹೊಲಿಯುವ ಮಷೀನ್’ ಎನ್ನುತ್ತಾರೆ. ಟೈಪ್ ಆಗುವುದು ಎರಡನೆಯದು.
- ಗೂಗಲ್‌ನಲ್ಲಿ ‘ಹೊಲಿಗೆ ಯಂತ್ರ’ ಎಂದು ಬರೆದು ಒಂದು ಸ್ಪೇಸ್ ಕೊಟ್ಟಾಗ ಕೆಳಗೆ ಬೀಳುವ ಸಲಹೆಗಳು. ಆಮೇಲೆ ಫಲಿತಾಂಶದ ಪುಟದಲ್ಲಿ ಬರುವ ಸಂಬಂಧಿತ ಹುಡುಕಾಟಗಳು.
- ನಿಮ್ಮ ಸೈಟಿನೊಳಗೇ ಹುಡುಕುವ ಪೆಟ್ಟಿಗೆ ಇದ್ದರೆ ಅದರ ದಾಖಲೆ, ಮತ್ತು ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ (ಜನ ಏನು ಹುಡುಕಿ ನಿಮ್ಮ ಸೈಟಿಗೆ ಬಂದರೆಂದು ತೋರಿಸುವ ಗೂಗಲ್ ಟೂಲ್) ಕಾಣುವ ಹುಡುಕಾಟಗಳು. ಇವು ಉಚಿತ, ಮತ್ತು ನಿಮ್ಮದೇ ಸೈಟಿನವು.
- ಬೇರೆ ಅಂಗಡಿಗಳ ಗಿರಾಕಿಗಳು ಬರೆದ ವಿಮರ್ಶೆಗಳು. ದೂರು ಬರೆದವರ ಮಾತಿನಲ್ಲೇ ಒಳ್ಳೆಯ ಕೀವರ್ಡ್ ಅಡಗಿರುತ್ತದೆ: ‘ಜೀನ್ಸ್ ಬಟ್ಟೆಗೆ ಸೂಜಿ ಮುರಿಯುತ್ತದೆ’ ಎಂದವರು ಮುಂದೆ ಹುಡುಕುವುದು ‘ಜೀನ್ಸ್ ಹೊಲಿಯುವ ಯಂತ್ರ’ವನ್ನೇ.

ಎರಡು ಭಾಷೆ ಬಲ್ಲವರು ಒಂದೇ ವಸ್ತುವನ್ನು ಹಲವು ರೀತಿಯಲ್ಲಿ ಹುಡುಕುತ್ತಾರೆ: ಕನ್ನಡ ಲಿಪಿಯಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು, ನೇರ ಇಂಗ್ಲಿಷಿನಲ್ಲಿ. ಮೂರಕ್ಕೂ ಮೂರು ಸಾಲು ಬರೆದಿಡಿ. ಯಾವುದನ್ನು ಜನ ನಿಜವಾಗಿ ಹುಡುಕುತ್ತಾರೆ ಎನ್ನುವುದು ನಾಲ್ಕನೇ ಹಂತದಲ್ಲಿ ತಿಳಿಯುತ್ತದೆ.

ಹಂತ 3: ಹುಡುಕುವವರ ಮನಸ್ಸಿನಲ್ಲಿ ಏನಿದೆ?

ಪಟ್ಟಿಯ ಪ್ರತಿ ಸಾಲಿನ ಪಕ್ಕ ಒಂದು ಪ್ರಶ್ನೆಗೆ ಉತ್ತರ ಬರೆಯಿರಿ: ಇದನ್ನು ಟೈಪ್ ಮಾಡಿದ ವ್ಯಕ್ತಿ ಮುಂದಿನ ಹತ್ತು ನಿಮಿಷದಲ್ಲಿ ಏನು ಮಾಡಲು ಹೊರಟಿದ್ದಾರೆ?

‘ಹೊಲಿಗೆ ಯಂತ್ರಕ್ಕೆ ಎಣ್ಣೆ ಹಾಕುವುದು ಹೇಗೆ’ ಎಂದವರ ಬಳಿ ಆಗಲೇ ಯಂತ್ರ ಇದೆ. ‘ಹೊಲಿಗೆ ಯಂತ್ರದಲ್ಲಿ ಯಾವುದು ಒಳ್ಳೆಯದು’ ಎಂದವರು ಕೊಳ್ಳುತ್ತಾರೆ, ಆದರೆ ಇವತ್ತಲ್ಲ. ನಾಲ್ಕು ಕಡೆ ಓದಿ, ಮನೆಯವರನ್ನು ಕೇಳಿ ಆಮೇಲೆ. ‘ಮೋಟಾರ್ ಇರುವ ಹೊಲಿಗೆ ಯಂತ್ರ ಬೆಲೆ’ ಎಂದವರು ಪರ್ಸ್ ಹತ್ತಿರ ಬಂದಿದ್ದಾರೆ. ಮಾದರಿಯ ಹೆಸರು, ನಂಬರ್ ಸಮೇತ ಬರೆದು ಮುಂದೆ ‘ಆನ್‌ಲೈನ್ ಖರೀದಿ’ ಎಂದು ಸೇರಿಸಿದವರಿಗೆ ಉಳಿದಿರುವ ಪ್ರಶ್ನೆ ಒಂದೇ: ಯಾರ ಹತ್ತಿರ ಕೊಳ್ಳಲಿ?

ಸಣ್ಣ ಬಜೆಟ್ ಇರುವವರು ಕೊನೆಯ ಎರಡು ಬಗೆಗೆ ಮಾತ್ರ ಹಣ ಹಾಕಬೇಕು. ‘ಹೇಗೆ’, ‘ಯಾಕೆ’, ‘ಎಂದರೇನು’ ಎಂಬ ಹುಡುಕಾಟಗಳಿಗೆ ಸೈಟಿನಲ್ಲಿ ಲೇಖನ ಬರೆದಿಟ್ಟರೆ ಜನ ಪುಕ್ಕಟೆಯಾಗಿ ಬರುತ್ತಾರೆ. ಅದಕ್ಕೆ ಕ್ಲಿಕ್ ಕೊಳ್ಳಬೇಕಾಗಿಲ್ಲ. ಕೊಳ್ಳುವ ಇರಾದೆ ತೋರಿಸುವ ಪದಗಳು ಹೆಚ್ಚಿಲ್ಲ: ಬೆಲೆ, ಖರೀದಿ, ಆರ್ಡರ್, ಆಫರ್, ಡೆಲಿವರಿ, ಕಂತು, ಹತ್ತಿರದ, ಮಾದರಿ ನಂಬರ್. ಸೇವೆ ಮಾರುವವರಿಗೆ ಬುಕಿಂಗ್, ಶುಲ್ಕ, ತುರ್ತು, ಇವತ್ತೇ.

ಇಲ್ಲಿ ಒಂದು ಎಚ್ಚರ. ಒಂದೇ ಪದ ಎರಡು ಮನಸ್ಸನ್ನು ತೋರಿಸಬಹುದು. ‘ಹೊಲಿಗೆ ಯಂತ್ರ ಮಾರಾಟ’ ಎಂದು ಬರೆದವರು ಕೊಳ್ಳುವವರೂ ಆಗಿರಬಹುದು, ತಮ್ಮದನ್ನು ಮಾರಲು ಹೊರಟವರೂ ಆಗಿರಬಹುದು. ಸಂಶಯ ಬಂದರೆ ಆ ಪದವನ್ನು ನೀವೇ ಗೂಗಲ್ ಮಾಡಿ. ಪುಟದ ತುಂಬ ಅಂಗಡಿಗಳು ಬಂದರೆ ಅದು ಕೊಳ್ಳುವವರ ಪದ; ವಿಡಿಯೊ, ವಿಕಿಪೀಡಿಯ, ಲೇಖನ ಬಂದರೆ ಓದುವವರ ಪದ. ನಿಮ್ಮದೇ ಜಾಹೀರಾತು ಓಡಲು ಶುರುವಾದ ಮೇಲೆ ಮಾತ್ರ ಹೀಗೆ ಪದೇಪದೇ ಹುಡುಕಬೇಡಿ. ಜಾಹೀರಾತು ಕಂಡ ಲೆಕ್ಕ ಏರಿ, ಕ್ಲಿಕ್ ದರ (ಕಂಡವರಲ್ಲಿ ಶೇ ಎಷ್ಟು ಜನ ಕ್ಲಿಕ್ ಮಾಡಿದರು ಎಂಬುದು) ಸುಳ್ಳಾಗಿ ಇಳಿಯುತ್ತದೆ. ಅಕೌಂಟಿನೊಳಗೆ ಆ್ಯಡ್ ಪ್ರಿವ್ಯೂ ಎಂಬ ಟೂಲ್ ಇದೆ, ಅದನ್ನು ಬಳಸಿ.

ಹಂತ 4: ಕೀವರ್ಡ್ ಪ್ಲ್ಯಾನರ್

ಗೂಗಲ್ ಆ್ಯಡ್ಸ್‌ನ ಟೂಲ್ಸ್ ವಿಭಾಗದಲ್ಲಿ ಇದು ಸಿಗುತ್ತದೆ. ಮೊದಲು ನೀವು ಮಾರುವ ಪ್ರದೇಶ ಮತ್ತು ಭಾಷೆ ಸರಿಯಾಗಿದೆಯೇ ನೋಡಿಕೊಳ್ಳಿ, ಇಲ್ಲದಿದ್ದರೆ ಎಲ್ಲ ಅಂಕಿಯೂ ತಪ್ಪು. ನಂತರ ಪಟ್ಟಿಯನ್ನು ಅಂಟಿಸಿ.

ತಿಂಗಳ ಸರಾಸರಿ ಹುಡುಕಾಟ: ಜಾಹೀರಾತಿಗೆ ಇನ್ನೂ ಹೆಚ್ಚು ಖರ್ಚು ಮಾಡದ ಅಕೌಂಟಿಗೆ ‘100ರಿಂದ 1 ಸಾವಿರ’ ಎಂಬಂತೆ ಅಗಲವಾದ ಅಂದಾಜು ಮಾತ್ರ ಕಾಣುತ್ತದೆ. ಹೋಲಿಕೆಗೆ ಅಷ್ಟು ಸಾಕು. ಸರಾಸರಿ 12 ತಿಂಗಳದ್ದಾದ್ದರಿಂದ ಕೆಲವೇ ತಿಂಗಳು ಬೇಡಿಕೆ ಇರುವ ವಸ್ತುವಿನ ಏರಿಳಿತ ಅದರಲ್ಲಿ ಮುಚ್ಚಿಹೋಗುತ್ತದೆ. ತಿಂಗಳವಾರು ಗ್ರಾಫ್ ನೋಡಿ.

ಕಾಂಪಿಟಿಷನ್: ಕಡಿಮೆ, ಮಧ್ಯಮ, ಹೆಚ್ಚು ಎಂದು ತೋರಿಸುವ ಈ ಕಾಲಂ ಎಷ್ಟು ಜಾಹೀರಾತುದಾರರು ಆ ಪದಕ್ಕೆ ಬಿಡ್ ಮಾಡುತ್ತಿದ್ದಾರೆ, ಅಂದರೆ ಕ್ಲಿಕ್ಕಿಗೆ ಇಷ್ಟು ಕೊಡುತ್ತೇವೆಂದು ಬೆಲೆ ಕೂಗುತ್ತಿದ್ದಾರೆ, ಎಂಬುದನ್ನಷ್ಟೇ ಹೇಳುತ್ತದೆ. ‘ಹೆಚ್ಚು’ ಎಂದಿದ್ದರೆ ಹೆದರಬೇಡಿ. ಮಾರಾಟ ಆಗುವ ಕಡೆಯೇ ವ್ಯಾಪಾರಿಗಳು ಸೇರುವುದು.

ಪುಟದ ಮೇಲ್ಭಾಗದ ಬಿಡ್: ಕಡಿಮೆ ಮತ್ತು ಹೆಚ್ಚು ಎಂದು ಎರಡು ಅಂಕಿ ಇರುತ್ತವೆ. ಮೊದಲ ಹಂತದ ನಿಮ್ಮ 15 ಮತ್ತು 30ನ್ನು ಇವುಗಳ ಪಕ್ಕ ಇಟ್ಟು ನೋಡಿ. ಕಡಿಮೆ ಬಿಡ್ಡೇ 45 ಇದ್ದರೆ ಆ ಕೀವರ್ಡ್ ನಿಮಗೆ ಸದ್ಯಕ್ಕೆ ಬೇಡ, ಎಷ್ಟೇ ಚೆನ್ನಾಗಿ ಕಂಡರೂ. ಕಡಿಮೆ 8, ಹೆಚ್ಚು 22 ಇದ್ದರೆ ಇಟ್ಟುಕೊಳ್ಳಿ.

150 ಸಾಲು ಈಗ ಹತ್ತಕ್ಕೆ ಇಳಿಯಬೇಕು: ಆರು ಮೊದಲ ಪರೀಕ್ಷೆಗೆ, ಉಳಿದವು ಮುಂದಿನ ಸರದಿಗೆ. ಹುಡುಕಾಟ ತೀರಾ ಕಡಿಮೆ ಇರುವ ಪದಗಳನ್ನು ಅಕೌಂಟಿಗೆ ಹಾಕಿದರೂ ‘ಲೋ ಸರ್ಚ್ ವಾಲ್ಯೂಮ್’ ಎಂಬ ಗುರುತು ಬಿದ್ದು ಅವು ಓಡುವುದಿಲ್ಲ. ಅಳಿಸುವ ಅಗತ್ಯವಿಲ್ಲ, ನೆಚ್ಚಿಕೊಳ್ಳಲೂ ಬೇಡಿ. ಉದ್ದನೆಯ ಪದಗುಚ್ಛದ ಬದಲು ಅದರ ತಿರುಳಾದ ಎರಡು ಮೂರು ಪದ ತೆಗೆದುಕೊಳ್ಳುವುದು ಲೇಸು.

ಹಂತ 5: ಮ್ಯಾಚ್ ಟೈಪ್

ಒಂದೇ ಕೀವರ್ಡನ್ನು ಮೂರು ರೀತಿ ಬರೆಯಬಹುದು.

ಬ್ರಾಡ್ ಮ್ಯಾಚ್, ಯಾವ ಗುರುತೂ ಇಲ್ಲದೆ: ಹೊಲಿಗೆ ಯಂತ್ರ ಬೆಲೆ. ಸಂಬಂಧ ಇದೆ ಎಂದು ಗೂಗಲ್‌ಗೆ ತೋರಿದ ಯಾವ ಹುಡುಕಾಟಕ್ಕಾದರೂ ಜಾಹೀರಾತು ಬರುತ್ತದೆ, ನಿಮ್ಮ ಪದ ಅದರಲ್ಲಿ ಇಲ್ಲದಿದ್ದರೂ. ಗುರುತು ಹಾಕಲು ಮರೆತರೆ ಕೀವರ್ಡ್ ತಾನಾಗಿ ಇದೇ ಆಗುತ್ತದೆ. ಮೊದಲ ಪ್ಯಾರಾದ ಮಾಲೀಕರು ಮಾಡಿದ್ದು ಇದನ್ನೇ.

ಫ್ರೇಸ್ ಮ್ಯಾಚ್, ಉದ್ಧರಣ ಚಿಹ್ನೆಯಲ್ಲಿ: "ಹೊಲಿಗೆ ಯಂತ್ರ ಬೆಲೆ". ನಿಮ್ಮ ಕೀವರ್ಡಿನ ಅರ್ಥ ಹುಡುಕಾಟದೊಳಗೆ ಇರಬೇಕು. ಹಿಂದೆ ಮುಂದೆ ಬೇರೆ ಪದ ಸೇರಬಹುದು.

ಎಕ್ಸಾಕ್ಟ್ ಮ್ಯಾಚ್, ಚೌಕ ಆವರಣದಲ್ಲಿ: [ಹೊಲಿಗೆ ಯಂತ್ರ ಬೆಲೆ]. ಹೆಸರು ಹೀಗಿದ್ದರೂ ಅಕ್ಷರಕ್ಕೆ ಅಕ್ಷರ ಹೊಂದಬೇಕೆಂದಿಲ್ಲ. 2018ರಿಂದ ಅದೇ ಅರ್ಥ ಕೊಡುವ ಬೇರೆ ಪದಗಳಿಗೂ ಇದು ಹೊಂದುತ್ತದೆ.

ಹಳೆಯ ಪಾಠಗಳಲ್ಲಿ ಪ್ರತಿ ಪದದ ಹಿಂದೆ ಪ್ಲಸ್ ಚಿಹ್ನೆ ಹಾಕುವ ‘ಬ್ರಾಡ್ ಮ್ಯಾಚ್ ಮಾಡಿಫೈಯರ್’ ಬಗ್ಗೆ ಓದಿದರೆ ಬಿಟ್ಟುಬಿಡಿ. ಅದು 2021ರಲ್ಲಿ ಫ್ರೇಸ್ ಮ್ಯಾಚ್‌ನೊಳಗೆ ಸೇರಿಹೋಯಿತು.

ಹೊಸಬರಿಗೆ ನಮ್ಮ ಸಲಹೆ: ಕೊಳ್ಳುವ ಇರಾದೆ ಸ್ಪಷ್ಟವಾಗಿರುವ ಮೂರು ನಾಲ್ಕು ಪದ ಎಕ್ಸಾಕ್ಟ್‌ನಲ್ಲಿ, ಎರಡು ಮೂರು ಫ್ರೇಸ್‌ನಲ್ಲಿ, ಬ್ರಾಡ್‌ನಲ್ಲಿ ಒಂದೂ ಬೇಡ. ಬ್ರಾಡ್ ಮ್ಯಾಚ್ ಸ್ವತಃ ಕೆಟ್ಟದ್ದಲ್ಲ. ಯಾವ ಹುಡುಕಾಟ ಮಾರಾಟ ತರುತ್ತದೆ ಎಂಬ ದಾಖಲೆ ಅಕೌಂಟಿನಲ್ಲಿ ಕೂಡಿಬಂದ ಮೇಲೆ, ಸ್ಮಾರ್ಟ್ ಬಿಡ್ಡಿಂಗ್ (ಮಾರಾಟದ ಸಾಧ್ಯತೆ ನೋಡಿ ಗೂಗಲ್ ತಾನೇ ಬಿಡ್ ನಿರ್ಧರಿಸುವುದು) ಜೊತೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಹೊಸ ಅಕೌಂಟಿನಲ್ಲಿ ಆ ದಾಖಲೆಯೇ ಇರುವುದಿಲ್ಲವಲ್ಲ, ಗೂಗಲ್ ವ್ಯವಸ್ಥೆ ಕಲಿಯುವ ಖರ್ಚೆಲ್ಲ ನಿಮ್ಮ ಜೇಬಿನಿಂದ ಹೋಗುತ್ತದೆ.

ಹಂತ 6: ನೆಗೆಟಿವ್ ಕೀವರ್ಡ್

ಇಂಥ ಪದ ಇದ್ದರೆ ನನ್ನ ಜಾಹೀರಾತು ತೋರಿಸಬೇಡ ಎಂದು ಹೇಳುವ ಪಟ್ಟಿ ಇದು. ಜಾಹೀರಾತು ಚಾಲೂ ಮಾಡುವ ಮೊದಲೇ 30ರಿಂದ 50 ಪದ ಇದರಲ್ಲಿ ಇರಬೇಕು. ಮೂರನೇ ಹಂತದಲ್ಲಿ ‘ಇವರು ಕೊಳ್ಳುವುದಿಲ್ಲ’ ಎಂದು ಗುರುತು ಹಾಕಿದ ಸಾಲುಗಳೇ ಇದಕ್ಕೆ ಮೂಲ: ಚಿತ್ರ, ವಿಡಿಯೊ, ಪ್ರಬಂಧ, ಕ್ಲಾಸ್, ತರಬೇತಿ, ಉದ್ಯೋಗ, ಸಂಬಳ, ರಿಪೇರಿ, ಬಾಡಿಗೆ, ಸೆಕೆಂಡ್ ಹ್ಯಾಂಡ್.

ಮಾಮೂಲಿ ಕೀವರ್ಡಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ, ಕನ್ನಡದಲ್ಲಿ ಅದು ಇನ್ನಷ್ಟು ಕಾಡುತ್ತದೆ. ಮಾಮೂಲಿ ಕೀವರ್ಡ್ ಹತ್ತಿರದ ರೂಪಗಳನ್ನೆಲ್ಲ ತಾನೇ ಹಿಡಿಯುತ್ತದೆ. ನೆಗೆಟಿವ್ ಹಾಗಲ್ಲ, ಕಾಗುಣಿತದ ತಪ್ಪುಗಳನ್ನು ಬಿಟ್ಟರೆ ಬರೆದ ರೂಪವನ್ನು ಮಾತ್ರ ತಡೆಯುತ್ತದೆ. ‘ಬಾಡಿಗೆ’ ಎಂದು ಹಾಕಿದರೆ ‘ಹೊಲಿಗೆ ಯಂತ್ರ ಬಾಡಿಗೆಗೆ’ ಎಂಬ ಹುಡುಕಾಟ ನಿಲ್ಲುವುದಿಲ್ಲ, ಯಾಕೆಂದರೆ ‘ಬಾಡಿಗೆಗೆ’ ಬೇರೆಯೇ ಪದ. ನಮ್ಮ ಭಾಷೆಯಲ್ಲಿ ವಿಭಕ್ತಿ ಪ್ರತ್ಯಯ ಪದಕ್ಕೇ ಅಂಟಿಕೊಳ್ಳುವುದರಿಂದ ಚಿತ್ರ, ಚಿತ್ರಗಳು, ಕ್ಲಾಸ್, ಕ್ಲಾಸಿಗೆ, ರಿಪೇರಿ, ರಿಪೇರಿಗೆ, ದುರಸ್ತಿ ಎಂದು ಪ್ರತಿಯೊಂದನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಬೇಕು. ಇಂಗ್ಲಿಷ್ ಅಕ್ಷರದ ರೂಪಗಳು ಇನ್ನೂ ಬೇರೆ. ಬೇಸರದ ಕೆಲಸ, ಆದರೆ ಒಮ್ಮೆ ಕೂತು ಮಾಡಿದರೆ ಮುಗಿಯಿತು. ಪಟ್ಟಿಯನ್ನು ಎಲ್ಲ ಕ್ಯಾಂಪೇನುಗಳಿಗೂ (ಒಂದೇ ಬಜೆಟ್ಟಿನಡಿ ಓಡುವ ಜಾಹೀರಾತುಗಳ ಕಟ್ಟು) ಹಂಚಿಕೊಳ್ಳಬಹುದು.

ಆತುರದಲ್ಲಿ ಒಳ್ಳೆಯ ಗಿರಾಕಿಯನ್ನೂ ಹೊರಗೆ ಹಾಕಿಬಿಡುವ ಅಪಾಯ ಇಲ್ಲಿದೆ. ‘ಉಚಿತ’ ಎಂಬ ಒಂಟಿ ಪದವನ್ನು ನೆಗೆಟಿವ್ ಮಾಡಿದರೆ ‘ಉಚಿತ ಡೆಲಿವರಿ ಇರುವ ಹೊಲಿಗೆ ಯಂತ್ರ’ ಎಂದು ಹುಡುಕಿದವರಿಗೂ ನಿಮ್ಮ ಜಾಹೀರಾತು ಕಾಣುವುದಿಲ್ಲ. ಅವರು ಆರ್ಡರ್ ಮಾಡಲು ತಯಾರಾಗಿ ಬಂದವರು. ಇಂಥ ಕಡೆ "ಉಚಿತ ತರಬೇತಿ", "ಉಚಿತ ಪ್ಯಾಟರ್ನ್" ಎಂದು ಪದಗುಚ್ಛವನ್ನೇ ಫ್ರೇಸ್ ರೂಪದಲ್ಲಿ ತಡೆಯಿರಿ. ನೆಗೆಟಿವ್ ಸೇರಿಸಿದ ಪ್ರತಿ ಸಲವೂ ಅದು ನಿಮ್ಮದೇ ಕೀವರ್ಡಿನ ಒಳಗಿರುವ ಪದವಲ್ಲ ಎಂದು ನೋಡಿಕೊಳ್ಳಿ. ಆಗಿದ್ದರೆ ಆ ಕೀವರ್ಡ್ ಸದ್ದಿಲ್ಲದೆ ನಿಂತುಹೋಗುತ್ತದೆ.

ಹಂತ 7: ಗುಂಪು ಮಾಡಿ ಚಾಲೂ ಮಾಡುವುದು

ಒಂದೇ ಜಾಹೀರಾತು, ಒಂದೇ ಪೇಜು ಹೊಂದುವ ಕೀವರ್ಡ್‌ಗಳು ಒಂದೇ ಆ್ಯಡ್ ಗ್ರೂಪಿನಲ್ಲಿ. ‘ಮನೆ ಬಳಕೆಗೆ ಹೊಲಿಗೆ ಯಂತ್ರ’ ಮತ್ತು ‘ಜೀನ್ಸ್ ಹೊಲಿಯುವ ಯಂತ್ರ’ಕ್ಕೆ ಬೇರೆ ಪೇಜು ಬೇಕು, ಹಾಗಾಗಿ ಬೇರೆ ಗ್ರೂಪ್. ಹೋಮ್ ಪೇಜಿಗೆ ಯಾರನ್ನೂ ಕಳಿಸಬೇಡಿ. ಜಾಹೀರಾತಿನಲ್ಲಿ 30 ಅಕ್ಷರದ 15 ಶೀರ್ಷಿಕೆ, 90 ಅಕ್ಷರದ 4 ವಿವರಣೆವರೆಗೆ ಬರೆಯಬಹುದು. ಎರಡು ಮೂರು ಶೀರ್ಷಿಕೆಯಲ್ಲಾದರೂ ಕೀವರ್ಡ್ ಇರಲಿ.

ಚಾಲೂ ಮಾಡುವ ಮೊದಲು ಈ ಸ್ವಿಚ್ಚುಗಳನ್ನು ನೋಡಿ. ಕ್ಯಾಂಪೇನ್ ಬಗೆ ‘ಸರ್ಚ್’ ಆಗಿರಲಿ, ಸ್ಮಾರ್ಟ್ ಕ್ಯಾಂಪೇನಿನಲ್ಲಿ ಕೀವರ್ಡ್ ಬದಲು ವಿಷಯ ಆರಿಸುವುದಷ್ಟೇ ಸಾಧ್ಯ. ಡಿಸ್‌ಪ್ಲೇ ನೆಟ್‌ವರ್ಕ್ ಮತ್ತು ಸರ್ಚ್ ಪಾರ್ಟ್‌ನರ್ ಗುರುತು ತೆಗೆಯಿರಿ, ಇವು ಜಾಹೀರಾತನ್ನು ಗೂಗಲ್ ಹುಡುಕಾಟದ ಹೊರಗಿನ ಸೈಟುಗಳಲ್ಲೂ ತೋರಿಸುತ್ತವೆ. ಕ್ಯಾಂಪೇನ್ ಮಟ್ಟದ ಬ್ರಾಡ್ ಮ್ಯಾಚ್ ಸ್ವಿಚ್ ಆಫ್ ಇರಲಿ. ಅದು ಆನ್ ಆಗಿದ್ದರೆ ನೀವು ಹಾಕಿದ ಚಿಹ್ನೆಗಳಿಗೆಲ್ಲ ಬೆಲೆಯೇ ಇಲ್ಲ. ಪ್ರದೇಶದ ಆಯ್ಕೆಯಲ್ಲಿ ಅಲ್ಲಿ ‘ಇರುವವರು’ ಎಂಬುದನ್ನೇ ಆರಿಸಿ, ‘ಆಸಕ್ತಿ ಇರುವವರು’ ಬೇಡ. ಬಿಡ್ಡಿಂಗ್‌ನಲ್ಲಿ ‘ಮ್ಯಾಕ್ಸಿಮೈಸ್ ಕ್ಲಿಕ್ಸ್’ ಆರಿಸಿ, ಗರಿಷ್ಠ ಸಿಪಿಸಿ (ಒಂದು ಕ್ಲಿಕ್ಕಿನ ಬೆಲೆ) ಮಿತಿಗೆ ನಿಮ್ಮ 15ನ್ನು ಬರೆಯಿರಿ. ಯಾವುದಾದರೂ ಒಂದು ದಿನ ಬಜೆಟ್ಟಿನ ಎರಡು ಪಟ್ಟು ಖರ್ಚಾದರೆ ಗಾಬರಿ ಬೇಡ, ತಿಂಗಳ ಒಟ್ಟು ಖರ್ಚು ದಿನದ ಬಜೆಟ್ಟಿನ 30.4 ಪಟ್ಟನ್ನು ಮೀರುವುದಿಲ್ಲ.

ಹಂತ 8: ಸರ್ಚ್ ಟರ್ಮ್ಸ್ ರಿಪೋರ್ಟ್

ನಿಜವಾದ ಕೀವರ್ಡ್ ಪಟ್ಟಿ ಹುಟ್ಟುವುದು ಇಲ್ಲಿ. ಮೊದಲ ವಾರ ದಿನವೂ, ಆಮೇಲೆ ವಾರಕ್ಕೊಮ್ಮೆ ಈ ರಿಪೋರ್ಟ್ ತೆರೆದು, ಖರ್ಚಿನ ಪ್ರಕಾರ ಮೇಲಿನಿಂದ ಕೆಳಗೆ ಜೋಡಿಸಿ, ಒಂದೊಂದೇ ಸಾಲು ಓದಿ. ಸಂಬಂಧವೇ ಇಲ್ಲದ ಹುಡುಕಾಟವನ್ನು ಕೂಡಲೇ ನೆಗೆಟಿವ್ ಮಾಡಿ, ಅದಕ್ಕೆ 100 ಕ್ಲಿಕ್ ಕಾಯಬೇಕಿಲ್ಲ. ‘ಕಂಡುಹಿಡಿದವರು ಯಾರು’ ಎಂದು ಕೇಳಿದವರು ಯಾವತ್ತೂ ಕೊಳ್ಳುವುದಿಲ್ಲ. ಮಾರಾಟ ತಂದ ಹುಡುಕಾಟ ಕೀವರ್ಡ್ ಪಟ್ಟಿಯಲ್ಲಿ ಇಲ್ಲದಿದ್ದರೆ ಎಕ್ಸಾಕ್ಟ್ ಆಗಿ ಸೇರಿಸಿ. ಸಂಬಂಧ ಇದ್ದೂ ಇನ್ನೂ ಮಾರಾಟ ತಾರದ್ದನ್ನು ಮುಟ್ಟಬೇಡಿ, ಕ್ಲಿಕ್ ಕೂಡಿಬರಲಿ. 2020ರ ಸೆಪ್ಟೆಂಬರ್‌ನಿಂದ ಬೆರಳೆಣಿಕೆಯ ಜನ ಮಾತ್ರ ಹುಡುಕಿದ ಪದಗಳನ್ನು ಗೂಗಲ್ ಇಲ್ಲಿ ತೋರಿಸುತ್ತಿಲ್ಲ. ಸಾಲುಗಳ ಮೊತ್ತ ಒಟ್ಟು ಖರ್ಚಿಗೆ ತಾಳೆಯಾಗದಿದ್ದರೆ ಕಾರಣ ಅದೇ.

ಅಡಚಣೆ ಬಂದಾಗ

ಜಾಹೀರಾತು ಕಾಣುತ್ತಿದೆ, ಕ್ಲಿಕ್ ಇಲ್ಲ: ಕೀವರ್ಡಿಗೂ ಶೀರ್ಷಿಕೆಗೂ ಹೊಂದಿಕೆ ಇಲ್ಲ, ಇಲ್ಲವೇ ಕೀವರ್ಡ್ ತೀರಾ ಸಾಮಾನ್ಯವಾಗಿದೆ. ಕ್ವಾಲಿಟಿ ಸ್ಕೋರ್ ಕಾಲಂ ತೆರೆದು ನೋಡಿ. 1ರಿಂದ 10ರವರೆಗಿನ ಈ ಅಂಕದ ಹಿಂದೆ ಮೂರು ಭಾಗಗಳಿವೆ: ನಿರೀಕ್ಷಿತ ಕ್ಲಿಕ್ ದರ, ಜಾಹೀರಾತಿನ ಹೊಂದಿಕೆ, ಲ್ಯಾಂಡಿಂಗ್ ಪೇಜ್ (ಕ್ಲಿಕ್ ಮಾಡಿದವರು ತಲುಪುವ ಪೇಜು). ಯಾವುದು ‘ಸರಾಸರಿಗಿಂತ ಕಡಿಮೆ’ ಎಂದಿದೆಯೋ ಅದನ್ನೇ ರಿಪೇರಿ ಮಾಡಿ.

ಜಾಹೀರಾತೇ ಕಾಣುತ್ತಿಲ್ಲ: ಬಿಡ್ ಮಿತಿ ಕಡಿಮೆಯಿದೆ, ಅಥವಾ ನಿಮ್ಮದೇ ನೆಗೆಟಿವ್ ಅಡ್ಡ ಬಂದಿದೆ. ಎರಡನೆಯದನ್ನು ಮೊದಲು ನೋಡಿ.

ಹಾಕದ ಕೀವರ್ಡ್‌ಗಳು ಪಟ್ಟಿಯಲ್ಲಿ ಕಾಣಿಸಿಕೊಂಡಿವೆ: ಶಿಫಾರಸುಗಳು ತಾವಾಗಿ ಜಾರಿಯಾಗುವ ಆಟೊ ಅಪ್ಲೈ ಆನ್ ಆಗಿದೆ. ರೆಕಮೆಂಡೇಶನ್ಸ್ ಪುಟಕ್ಕೆ ಹೋಗಿ ಆಫ್ ಮಾಡಿ.

ಒಳ್ಳೆಯ ಹುಡುಕಾಟಗಳಿಂದಲೇ 150 ಕ್ಲಿಕ್ ಬಂದರೂ ಮಾರಾಟ ಸೊನ್ನೆ: ಕೀವರ್ಡನ್ನು ತೆಗೆಯುವ ಮೊದಲು ಮೊಬೈಲಿನಲ್ಲಿ ನೀವೇ ಪೇಜು ತೆರೆದು ಒಂದು ಆರ್ಡರ್ ಪೂರ್ತಿ ಮಾಡಿ. ಹಣ ಕಟ್ಟುವ ಬಟನ್ ಒತ್ತಿದರೂ ಏನೂ ಆಗದಿರಬಹುದು, ಡೆಲಿವರಿ ಖರ್ಚು ಕೊನೆಯ ಪುಟದಲ್ಲಿ ದಿಢೀರೆಂದು ಎದುರಾಗಬಹುದು, ಅಥವಾ ಮಾರಾಟ ಆಗುತ್ತಿದ್ದೂ ಕನ್ವರ್ಷನ್ ಟ್ರ್ಯಾಕಿಂಗ್ (ಜಾಹೀರಾತಿನಿಂದ ಬಂದ ಮಾರಾಟ ಎಣಿಸುವ ವ್ಯವಸ್ಥೆ) ಎಣಿಸದಿರಬಹುದು. ನಿಮ್ಮ ಪರೀಕ್ಷಾ ಆರ್ಡರ್ ರಿಪೋರ್ಟಿನಲ್ಲಿ ಬರಬೇಕಾದರೆ ಜಾಹೀರಾತಿನ ಮೂಲಕವೇ ಪೇಜಿಗೆ ಹೋಗಿರಬೇಕು; ಆ ಒಂದು ಕ್ಲಿಕ್ಕಿನ ಖರ್ಚಿಗೆ ಹಿಂದೆಮುಂದೆ ನೋಡಬೇಡಿ. ಮರುದಿನ ಅದು ಕನ್ವರ್ಷನ್ ಕಾಲಂನಲ್ಲಿ ಕಂಡರೆ ಟ್ರ್ಯಾಕಿಂಗ್ ಸರಿಯಿದೆ. ಆಗ ಕೀವರ್ಡ್ ನಿಲ್ಲಿಸಿ, ಅದರ ಹಣವನ್ನು ಪಟ್ಟಿಯಲ್ಲಿ ಕಾದಿರುವ ಮುಂದಿನ ಪದಕ್ಕೆ ಕೊಡಿ.